ಮೈಕು ಯಾರ ಕೈಯಲ್ಲಿ?

(ತಾಲ್ಲೂಕು ಯುವಜನರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)

ನಿನ್ನೆಯಿಂದ ಈ ಶಿಬಿರದಲ್ಲಿ ಭೂಮಿ, ಕೂಲಿ, ಶಾಲೆ ಮೊದಲಾದ ವಿಷಯಗಳ ಚರ್ಚೆ ನಡೆದಿದೆ. ನನಗೆ ಒಪ್ಪಿಸಿರುವ ವಿಷಯ ಅವುಗಳ ಪಕ್ಕದಲ್ಲಿ ಹಗುರವಾದದ್ದೆಂದು ಕೆಲವರಿಗೆ ತೋರಬಹುದು. ಮೀಸೆ ಮೂಡದ ಹುಡುಗರೂ ಶಾಲೆಗೆ ಹೋಗುವ ಹುಡುಗಿಯರೂ ತಮ್ಮ ಕೇರಿಯ ಕಥೆಯನ್ನು ತಮ್ಮದೇ ಧ್ವನಿಯಲ್ಲಿ ಮುದ್ರಿಸಿ ಬಾನುಲಿಯ ಮೂಲಕ ಜಗತ್ತಿಗೆ ಕೇಳಿಸಿದ ಸಂಗತಿ ಅದು. ಹೊಟ್ಟೆಯ ಪ್ರಶ್ನೆಯ ನಡುವೆ ಇದೆಲ್ಲಿಯ ಹಾಡು ಕಥೆ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದ್ದರಿಂದ ಹೇಳತಕ್ಕ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ.

ಬಡವರ ವಿಷಯವಾಗಿ ಮಾತನಾಡುವವರಿಗೆ ಯಾವ ಕಾಲದಲ್ಲೂ ಕೊರತೆಯಾಗಿಲ್ಲ. ಅಧಿಕಾರಿ ವರದಿ ಬರೆಯುತ್ತಾನೆ, ಪ್ರಾಧ್ಯಾಪಕ ಪ್ರಬಂಧ ಬರೆಯುತ್ತಾನೆ, ಮಂತ್ರಿ ಭಾಷಣ ಮಾಡುತ್ತಾನೆ, ಪತ್ರಕರ್ತ ಒಂದು ದಿನ ಬಂದು ಫೋಟೋ ತೆಗೆದುಕೊಂಡು ಹೋಗುತ್ತಾನೆ. ಇವರೆಲ್ಲರೂ ಬಡವರನ್ನು ಪ್ರಶ್ನೆ ಕೇಳುವವರೇ. ನಿನ್ನ ಹೆಸರೇನು, ಎಷ್ಟು ಮಕ್ಕಳು, ಏಕೆ ಕುಡಿಯುತ್ತೀಯೆ, ಮಗನನ್ನು ಏಕೆ ಶಾಲೆಗೆ ಕಳಿಸಲಿಲ್ಲ? ಉತ್ತರ ಹೇಳುವುದು ಬಡವರ ಪಾಲಿನ ಕೆಲಸ, ಪ್ರಶ್ನೆ ಕೇಳುವುದು ಉಳ್ಳವರ ಪಾಲಿನ ಹಕ್ಕು. ಮೈಕು ಕೇರಿಯ ಮಗುವಿನ ಕೈಗೆ ಬಂದಾಗ ಈ ಕ್ರಮ ತಿರುಗುತ್ತದೆ. ಆ ಮಗು ತನ್ನ ದುಃಖ ತೋಡಿಕೊಂಡಿತು ಎಂಬುದು ಇಲ್ಲಿ ಮುಖ್ಯವಲ್ಲ, ಅದು ಪ್ರಶ್ನೆ ಕೇಳತೊಡಗಿತು ಎಂಬುದು ಮುಖ್ಯ. ನಾನು ಇಂದು ಹೇಳತಕ್ಕದ್ದು ಇಷ್ಟೇ. ಇನ್ನು ಉಳಿದದ್ದು ಇದರ ವಿವರಣೆ.

ಬಾನುಲಿ ನಮ್ಮ ನಾಡಿಗೆ ಹೇಗೆ ಬಂತೆಂಬುದನ್ನು ಸ್ವಲ್ಪ ನೆನೆಯಿರಿ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಪುಟ್ಟ ಪ್ರೇಷಕ ಯಂತ್ರವನ್ನಿಟ್ಟು ಪ್ರಸಾರ ಆರಂಭಿಸಿದರು. ಆಕಾಶವಾಣಿ ಎಂಬ ಹೆಸರನ್ನು ಮುಂದೆ ಇಡೀ ದೇಶವೇ ತೆಗೆದುಕೊಂಡಿತು. ಒಬ್ಬ ಮೇಷ್ಟರ ಮನೆಯಿಂದ ಹೊರಟ ಧ್ವನಿ ಬಹು ಬೇಗ ಸರ್ಕಾರದ ಧ್ವನಿಯಾಯಿತು. ಒಬ್ಬ ಮಾತನಾಡುವುದು, ಲಕ್ಷ ಜನ ಕೇಳುವುದು, ಇದೇ ಅದರ ಧರ್ಮವಾಯಿತು. ರೈತನನ್ನು ಕರೆದರೂ ಗೊಬ್ಬರದಿಂದ ಬೆಳೆ ಹೆಚ್ಚಾಯಿತೆಂದು ಹೇಳಲು ಕರೆಯುತ್ತಿದ್ದರೇ ಹೊರತು ಗೊಬ್ಬರದ ಬೆಲೆ ಏಕೆ ಹೆಚ್ಚಾಯಿತೆಂದು ಕೇಳಲು ಕರೆಯುತ್ತಿರಲಿಲ್ಲ. ಇದು ನಮ್ಮ ದೇಶದ ಕಥೆ ಮಾತ್ರವಲ್ಲ. ಬಾನುಲಿ ವ್ಯಾಪಾರಿಗಳ ಕೈಯಲ್ಲಿದ್ದ ಅಮೆರಿಕದಲ್ಲಿಯೂ ಬಡವರ ಕೇರಿಯ ಧ್ವನಿ ಕೇಳಿಬರುತ್ತಿದ್ದುದು ಕೊಲೆ, ಕಳವುಗಳ ಸುದ್ದಿಯಲ್ಲಿ ಮಾತ್ರ.

ಆ ಅಮೆರಿಕದ ಷಿಕಾಗೊ ನಗರದ ಒಂದು ಕೇರಿಗೆ ನಿಮ್ಮನ್ನು ಕರೆದೊಯ್ಯುತ್ತೇನೆ. ಕೇರಿಯ ಹೆಸರು ಐಡಾ ಬಿ. ವೆಲ್ಸ್ ಹೋಮ್ಸ್. ಈ ಹೆಸರು ಯಾರದೆಂದು ತಿಳಿಯುವುದು ಅಗತ್ಯ. ಐಡಾ ವೆಲ್ಸ್ 1862ರಲ್ಲಿ ಮಿಸಿಸಿಪಿ ರಾಜ್ಯದಲ್ಲಿ ಗುಲಾಮರ ಮಗಳಾಗಿ ಹುಟ್ಟಿದ ಕಪ್ಪು ಹೆಂಗಸು. ಬೆಳೆದು ಪತ್ರಿಕೆ ನಡೆಸಿದಳು. ಬಿಳಿಯರ ಗುಂಪುಗಳು ಕಪ್ಪು ಜನರನ್ನು ಹಿಡಿದು ಮರಕ್ಕೆ ನೇತುಹಾಕುತ್ತಿದ್ದ ಕಾಲದಲ್ಲಿ ಆ ಕೊಲೆಗಳ ಲೆಕ್ಕ ಹಾಕಿ, ಕಾರಣ ಹುಡುಕಿ, ಅಚ್ಚುಹಾಕಿ ಜಗತ್ತಿಗೆ ತಿಳಿಸಿದಳು. 1892ರಲ್ಲಿ ಮೆಂಫಿಸ್ ನಗರದಲ್ಲಿ ಅವಳ ಪತ್ರಿಕಾ ಕಚೇರಿಯನ್ನು ಗುಂಪೊಂದು ನಾಶಮಾಡಿತು. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎಂಬ ನಮ್ಮ ಗಾದೆ ಎಲ್ಲ ದೇಶಕ್ಕೂ ಸಲ್ಲುತ್ತದೆ. ಆಕೆ ಷಿಕಾಗೊಗೆ ಬಂದು ನೆಲಸಿ 1931ರಲ್ಲಿ ತೀರಿಕೊಂಡಳು. ಹತ್ತು ವರ್ಷಗಳ ಅನಂತರ, 1941ರಲ್ಲಿ, ಕಪ್ಪು ಜನರಿಗೆಂದೇ ನಗರದ ವಸತಿ ಮಂಡಳಿ ಕಟ್ಟಿಸಿದ 1,662 ಮನೆಗಳ ಬಡಾವಣೆಗೆ ಅವಳ ಹೆಸರಿಟ್ಟರು.

ಮೊದಲಲ್ಲಿ ಅದು ಒಳ್ಳೆಯ ಬಡಾವಣೆಯೇ ಆಗಿತ್ತು. ಇಕ್ಕಟ್ಟಾದ ಹಳೆಯ ಮನೆಗಳಲ್ಲಿ ಸಂಸಾರ ನಡೆಸುತ್ತಿದ್ದವರಿಗೆ ಗಟ್ಟಿ ಗೋಡೆಯ ಮನೆ ಸಿಕ್ಕಿತು. ಬರಬರುತ್ತಾ ಅದರ ಸುತ್ತ ಬಹು ಅಂತಸ್ತಿನ ಕಟ್ಟಡಗಳೆದ್ದವು. ಷಿಕಾಗೊದ ವಸತಿ ಮಂಡಳಿ ಬಡವರಿಗೆ ಮನೆ ಕಟ್ಟುವಾಗ ಕಪ್ಪು ಜನರ ಕೇರಿಗಳಲ್ಲೇ ಕಟ್ಟುತ್ತ ಹೋಯಿತು. ಬಿಳಿಯರ ಬಡಾವಣೆಯ ಕಡೆ ಒಂದು ಇಟ್ಟಿಗೆಯೂ ಹೋಗದಂತೆ ನೋಡಿಕೊಂಡಿತು. ಡೊರೊತಿ ಗಾಟ್ರೋ ಎಂಬ ಬಾಡಿಗೆದಾರ ಹೆಂಗಸೂ ಅವಳ ಸಂಗಡಿಗರೂ 1966ರಲ್ಲಿ ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 1969ರಲ್ಲಿ ನ್ಯಾಯಾಲಯ ಮಂಡಳಿಯದು ತಪ್ಪೆಂದು ತೀರ್ಪಿತ್ತಿತು. ಆ ಹೊತ್ತಿಗೆ ಗೋಡೆಗಳು ಎದ್ದಾಗಿತ್ತು. ನಮ್ಮಲ್ಲಿ ಊರ ಹೊರಗೆ ಕೇರಿ ಇರುವಂತೆ ಅಲ್ಲಿ ನಗರದ ಒಳಗೇ ಹೊರಗಿನ ಊರೊಂದು ನಿಂತಿತ್ತು. ಜೊತೆಗೆ ಕೆಲಸವೂ ಹೋಯಿತು. ದಕ್ಷಿಣ ಷಿಕಾಗೊದ ಸಾವಿರಾರು ಕೂಲಿಕಾರರಿಗೆ ಅನ್ನ ಕೊಡುತ್ತಿದ್ದ ದೊಡ್ಡ ದನದ ಸಂತೆ, ಕಸಾಯಿಖಾನೆಗಳ ಪ್ರದೇಶ 1971ರಲ್ಲಿ ಮುಚ್ಚಿತು. ದೊಡ್ಡ ಉಕ್ಕಿನ ಕಾರ್ಖಾನೆ 1992ರಲ್ಲಿ ಬಾಗಿಲು ಹಾಕಿತು. ಮನೆ ಒಂದೇ ಕಡೆ ಗುಡ್ಡೆ ಬಿದ್ದು, ಕೆಲಸ ಎಲ್ಲೂ ಇಲ್ಲದೆ, ರಿಪೇರಿಗೆ ಹಣವಿಲ್ಲದೆ ಹೋದಾಗ ಆ ಜಾಗದಲ್ಲಿ ಏನು ಬೆಳೆಯಬೇಕೋ ಅದೇ ಬೆಳೆಯಿತು. ಮಾದಕ ವಸ್ತುಗಳ ವ್ಯಾಪಾರ ಬೆಳೆಯಿತು, ಬಂದೂಕು ಬಂತು.

1993ರ ಮಾರ್ಚಿಯಲ್ಲಿ ಡೇವಿಡ್ ಐಸೇ ಎಂಬ ಬಾನುಲಿ ನಿರ್ಮಾಪಕ ಈ ಕೇರಿಯ ಇಬ್ಬರು ಹುಡುಗರ ಕೈಗೆ ಟೇಪ್ ರೆಕಾರ್ಡರ್ ಕೊಟ್ಟ. ಒಬ್ಬ ಲಿಅಲನ್ ಜೋನ್ಸ್, ವಯಸ್ಸು 13. ಇನ್ನೊಬ್ಬ ಲಾಯ್ಡ್ ನ್ಯೂಮನ್, ವಯಸ್ಸು 14. ಇಬ್ಬರೂ ಗೆಳೆಯರು. ಕೆಲವು ದಿನ ನೀವು ಹೋದ ಕಡೆ ಈ ಯಂತ್ರವನ್ನೂ ಕೊಂಡೊಯ್ಯಿರಿ, ನಿಮ್ಮ ಬದುಕನ್ನು ಮುದ್ರಿಸಿಕೊಂಡು ಬನ್ನಿ ಎಂದ. ಹುಡುಗರು ಹೊರಟರು. ಬೀದಿಯಲ್ಲಿ ನಡೆಯುತ್ತಾ ಕಂಡದ್ದನ್ನು ಕಂಡಂತೆ ವಿವರಿಸಿದರು. ಲಿಅಲನ್ ತನ್ನ ಅಜ್ಜಿಯನ್ನು ಹಿಂದಿನ ಕಾಲದ ವಿಷಯ ಕೇಳಿದ, ತನ್ನ ತಾಯಿಯನ್ನು ತನ್ನ ತಂದೆಯ ವಿಷಯ ಕೇಳಿದ. ಲಾಯ್ಡ್‌ನ ತಾಯಿ ಕುಡಿತದಿಂದ ತೀರಿಕೊಂಡಿದ್ದಳು, ಅಕ್ಕಂದಿರೇ ಮನೆ ನಡೆಸುತ್ತಿದ್ದರು. ಅವನು ಕುಡುಕನಾಗಿದ್ದ ತನ್ನ ತಂದೆಯ ಮುಂದೆಯೇ ಮೈಕು ಹಿಡಿದ.

ಮಿತ್ರರೇ, ಈ ಸಂಗತಿಯನ್ನು ಸ್ವಲ್ಪ ಯೋಚಿಸಿ ನೋಡಿ. ಹೊರಗಿನಿಂದ ಬಂದ ಪತ್ರಕರ್ತ ಒಬ್ಬ ಕುಡುಕನನ್ನು ಏಕೆ ಕುಡಿಯುತ್ತೀಯೆ ಎಂದು ಕೇಳಿದರೆ ಅದು ವಿಚಾರಣೆಯಾಗುತ್ತದೆ. ಮಗ ಅದೇ ಪ್ರಶ್ನೆ ಕೇಳಿದರೆ ಅದು ಬೇರೆ ಮಾತು. ಆ ಪ್ರಶ್ನೆಯಲ್ಲಿ ತಿರಸ್ಕಾರವಿಲ್ಲ. ಆದರೆ ಬಿಡುವ ಹಾಗೂ ಇಲ್ಲ. ತಂದೆ ಉತ್ತರ ಹೇಳಲೇಬೇಕು. ಏಕೆಂದರೆ ಕೇಳುವವನಿಗೆ ಆ ಉತ್ತರದ ಮೇಲೆ ಹಕ್ಕಿದೆ. ಕೇಳುಗನಾದವನು ಈ ಇಬ್ಬರ ನಡುವೆ ಕುಳಿತಂತಾಗುತ್ತದೆ. ಅವನು ಬಡವರನ್ನು ನೋಡುವ ಪ್ರೇಕ್ಷಕನಾಗಿ ಉಳಿಯುವುದಿಲ್ಲ. ಇಂಗ್ಲಿಷಿನಲ್ಲಿ ‘ಘೆಟ್ಟೋ ಲೈಫ್ 101’ ಎಂದು ಹೆಸರಿಟ್ಟ ಆ ಅರ್ಧ ಗಂಟೆಯ ಕಾರ್ಯಕ್ರಮ ಅಮೆರಿಕದಾದ್ಯಂತ ಪ್ರಸಾರವಾಯಿತು. ಇಟಲಿಯ ಪ್ರಿ ಇಟಾಲಿಯ ಪ್ರಶಸ್ತಿಯೂ ಅದಕ್ಕೆ ಬಂತು. 101 ಎಂದರೆ ಆ ದೇಶದ ಕಾಲೇಜುಗಳಲ್ಲಿ ಮೊದಲ ಪಾಠಕ್ಕೆ ಕೊಡುವ ಸಂಖ್ಯೆ. ಕೇರಿಯ ಹುಡುಗರು ಮೇಷ್ಟರಾಗಿ ದೇಶಕ್ಕೆ ಮೊದಲ ಪಾಠ ಹೇಳಿದರು ಎಂದರ್ಥ.

ಇದಾದ ಮಾರನೆಯ ವರ್ಷ, 1994ರ ಅಕ್ಟೋಬರ್ 13ರಂದು, ಅದೇ ಕೇರಿಯ ಒಂದು ಎತ್ತರದ ಕಟ್ಟಡದಲ್ಲಿ ಭೀಕರವಾದ ಘಟನೆ ನಡೆಯಿತು. ಎರಿಕ್ ಮೋರ್ಸ್ ಎಂಬ 5 ವರ್ಷದ ಮಗುವನ್ನು 10 ಮತ್ತು 11 ವರ್ಷದ ಇಬ್ಬರು ಹುಡುಗರು 14ನೆಯ ಅಂತಸ್ತಿನ ಖಾಲಿ ಮನೆಯೊಂದರ ಕಿಟಕಿಯಿಂದ ಕೆಳಕ್ಕೆ ಹಾಕಿದರು. ಮಿಠಾಯಿ ಕದ್ದು ತಾ ಎಂದು ಅವರು ಹೇಳಿದಾಗ ಮಗು ಒಪ್ಪಿರಲಿಲ್ಲ. 8 ವರ್ಷದ ಅಣ್ಣ ತಮ್ಮನ ಕೈ ಹಿಡಿದುಕೊಂಡು ಉಳಿಸಲು ಹೆಣಗಿದ, ಆಗಲಿಲ್ಲ. ಕೈ ತಪ್ಪಿದಾಗ ಕೆಳಗೆ ಹೋಗಿ ಹಿಡಿದುಕೊಳ್ಳಬಹುದೆಂದು ಮೆಟ್ಟಿಲಿಳಿದು ಓಡಿದ. ಅಮೆರಿಕವೆಲ್ಲ ಬೆಚ್ಚಿತು.

ಬೆಚ್ಚಿದ ಸರ್ಕಾರ ಏನು ಮಾಡಿತು? ಇಲಿನಾಯ್ ರಾಜ್ಯದಲ್ಲಿ ಅದುವರೆಗೆ 13 ವರ್ಷಕ್ಕಿಂತ ಕಿರಿಯ ಮಕ್ಕಳನ್ನು ಬಾಲಾಪರಾಧಿಗಳ ಸೆರೆಮನೆಗೆ ಕಳಿಸುವಂತಿರಲಿಲ್ಲ. ಶಾಸನಸಭೆ ಕಾಯಿದೆ ತಿದ್ದಿ ಆ ವಯಸ್ಸನ್ನು 10ಕ್ಕೆ ಇಳಿಸಿತು. 1996ರ ಜನವರಿಯಲ್ಲಿ ನ್ಯಾಯಾಲಯ ಆ ಹುಡುಗರನ್ನು ಸೆರೆಮನೆಗೆ ಕಳಿಸಿದಾಗ ಕಿರಿಯವನ ವಯಸ್ಸು 12. ಅಷ್ಟು ಎಳೆಯ ಕೈದಿ ಆ ದೇಶದಲ್ಲಿ ಬೇರೊಬ್ಬನಿರಲಿಲ್ಲ. ಪತ್ರಿಕೆಗಳು ಆ ಮಕ್ಕಳನ್ನು ರಾಕ್ಷಸರೆಂದವು. ರಾಕ್ಷಸರೆಂದ ಮೇಲೆ ಮುಂದಿನ ಪ್ರಶ್ನೆ ಇರುವುದಿಲ್ಲ. ರಾಕ್ಷಸ ಎಲ್ಲಿ ಹುಟ್ಟಿದ, ಅವನ ಶಾಲೆ ಹೇಗಿತ್ತು, ಆ ಮನೆ ಎಷ್ಟು ಕಾಲದಿಂದ ಖಾಲಿ ಬಿದ್ದಿತ್ತು, ಅದಕ್ಕೆ ಬೀಗ ಹಾಕಬೇಕಾದವರು ಯಾರು ಎಂದು ಯಾರೂ ಕೇಳಬೇಕಾಗಿಲ್ಲ.

ಕೇಳಿದವರು ಲಿಅಲನ್ ಮತ್ತು ಲಾಯ್ಡ್. ಆ ಹೊತ್ತಿಗೆ ಅವರು ಹದಿನಾರು ಹದಿನೇಳರ ತರುಣರು. ಒಂದು ವರ್ಷ ಕಾಲ ಅವರು ಆ ಕಟ್ಟಡವನ್ನೂ ಆ ಕೇರಿಯನ್ನೂ ಸುತ್ತಿ ಮಾತನಾಡಿಸಿದರು. ನೆರೆಹೊರೆಯವರನ್ನು, ಮಕ್ಕಳನ್ನು, ಆಪಾದಿತ ಹುಡುಗರಲ್ಲೊಬ್ಬನ ತಂದೆಯನ್ನು ಮಾತನಾಡಿಸಿದರು. ಆ ತಂದೆಯೂ ಸೆರೆಮನೆಯಲ್ಲಿದ್ದವನೇ. ವಸತಿ ಮಂಡಳಿಯ ಮುಖ್ಯಸ್ಥನಾಗಿದ್ದವನನ್ನೂ ಕುಳ್ಳಿರಿಸಿಕೊಂಡು ಪ್ರಶ್ನಿಸಿದರು. ಕೇರಿಯ ಹುಡುಗನೊಬ್ಬ ಮಂಡಳಿಯ ಮುಖ್ಯಸ್ಥನ ಮುಂದೆ ಮೈಕು ಹಿಡಿದು ಕುಳಿತ ಆ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅರ್ಜಿ ಹಿಡಿದು ಕಚೇರಿಯ ಜಗಲಿಯಲ್ಲಿ ಕಾಯುವವನ ಭಂಗಿ ಅದಲ್ಲ.

1996ರ ಮಾರ್ಚಿಯಲ್ಲಿ ಈ ಎರಡನೆಯ ಕಾರ್ಯಕ್ರಮ ಪ್ರಸಾರವಾಯಿತು. ಕನ್ನಡದಲ್ಲಿ ಹೇಳುವುದಾದರೆ ಅದರ ಹೆಸರು ‘ಪಶ್ಚಾತ್ತಾಪ: ಎರಿಕ್ ಮೋರ್ಸ್‌ನ ಹದಿನಾಲ್ಕು ಕಥೆಗಳು’. ಇಂಗ್ಲಿಷಿನಲ್ಲಿ ಕಥೆಗೂ ಕಟ್ಟಡದ ಅಂತಸ್ತಿಗೂ ಒಂದೇ ಮಾತು. ಹದಿನಾಲ್ಕು ಅಂತಸ್ತು ಬಿದ್ದ ಮಗುವಿಗೆ ಹದಿನಾಲ್ಕು ಕಥೆ. ಆ ತರುಣರು ಕೊಲೆಯನ್ನು ಸಮರ್ಥಿಸಲಿಲ್ಲ. ಕೊಂದವರ ಮೇಲೆ ಕರುಣೆ ತೋರಿಸಿರೆಂದು ಅಂಗಲಾಚಲೂ ಇಲ್ಲ. ಸತ್ತ ಮಗುವೂ ಕೊಂದ ಮಕ್ಕಳೂ ಒಂದೇ ಮೆಟ್ಟಿಲು ಹತ್ತಿದವರು, ಒಂದೇ ಗೋಡೆಯ ನಡುವೆ ಬೆಳೆದವರು ಎಂಬುದನ್ನು ಕೇಳಿಸಿದರು. ಒಂದೇ ದೇಶದಲ್ಲಿ ಎರಡು ದೇಶಗಳಿವೆ ಎಂಬ ಮಾತು ಅವರ ಕೆಲಸದ ಸಾರ. ಅಮೆರಿಕದ ಪ್ರಸಾರ ಕ್ಷೇತ್ರದ ದೊಡ್ಡ ಗೌರವವಾದ ಪೀಬಾಡಿ ಪ್ರಶಸ್ತಿಯೂ ರಾಬರ್ಟ್ ಕೆನಡಿ ಹೆಸರಿನ ಪತ್ರಿಕೋದ್ಯಮ ಪ್ರಶಸ್ತಿಯೂ ಅದಕ್ಕೆ ದೊರೆತವು. ಶಾಸನಸಭೆ ಕೇಳಿದ ಪ್ರಶ್ನೆ ‘ಎಷ್ಟು ಎಳೆಯ ಮಗುವನ್ನು ಸೆರೆಗೆ ಹಾಕಬಹುದು?’ ಎಂಬುದು. ಹುಡುಗರು ಕೇಳಿದ ಪ್ರಶ್ನೆ ‘ನಮ್ಮನ್ನು ಇಂಥ ಕಡೆ ಇಟ್ಟವರು ಯಾರು?’ ಎಂಬುದು. ಎರಡು ಪ್ರಶ್ನೆಗಳ ನಡುವಿನ ಅಂತರವೇ ನನ್ನ ಇಂದಿನ ವಿಷಯ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸದೆ ಮುಂದೆ ಹೋಗುವುದು ಸರಿಯಲ್ಲ. ಟೇಪ್ ರೆಕಾರ್ಡರ್ ಕೊಟ್ಟವನು ಹೊರಗಿನ ನಿರ್ಮಾಪಕ. ಹುಡುಗರು ಗಂಟೆಗಟ್ಟಲೆ ಮುದ್ರಿಸಿ ತಂದದ್ದನ್ನು ಕತ್ತರಿಸಿ ಅರ್ಧ ಗಂಟೆಗೆ ಇಳಿಸುವಾಗ ಕತ್ತರಿ ಯಾರ ಕೈಯಲ್ಲಿತ್ತು? ಕೇಳಿದ ಲಕ್ಷಾಂತರ ಜನರಲ್ಲಿ ಎಷ್ಟು ಮಂದಿ ಅಯ್ಯೋ ಪಾಪ ಎಂದು ಕಣ್ಣೊರೆಸಿಕೊಂಡು ಊಟಕ್ಕೆ ಎದ್ದರು? ಬಡತನವನ್ನು ಸಂತೆಯಲ್ಲಿ ಪ್ರದರ್ಶನಕ್ಕಿಟ್ಟಂತಾಗಲಿಲ್ಲವೆ? ಈ ಪ್ರಶ್ನೆಗಳು ನ್ಯಾಯವಾದವು. ಮೈಕು ಕೈಗೆ ಬಂದ ಮಾತ್ರಕ್ಕೆ ಎಲ್ಲವೂ ಬಂದಂತಲ್ಲ. ಬಾನುಲಿ ಕಥೆಯಲ್ಲಿ ಮೂರು ಕೈಗಳಿವೆ. ಮುದ್ರಿಸುವ ಕೈ ಒಂದು, ಕತ್ತರಿಸುವ ಕೈ ಒಂದು, ಪ್ರಸಾರ ಮಾಡುವ ಕೈ ಒಂದು. ಮೊದಲನೆಯದನ್ನು ಮಕ್ಕಳಿಗೆ ಕೊಟ್ಟು ಉಳಿದೆರಡನ್ನು ದೊಡ್ಡವರು ಇಟ್ಟುಕೊಂಡರೆ ಅದು ಅರ್ಧ ಸ್ವಾತಂತ್ರ್ಯ. ಜಮೀನಿನ ಹಕ್ಕುಪತ್ರ ಕೊಟ್ಟು ನೀರಿನ ತೂಬನ್ನು ಜಮೀನ್ದಾರನ ವಶದಲ್ಲೇ ಬಿಟ್ಟಂತೆ.

ಆ ಕೇರಿಯ ಮುಂದಿನ ಗತಿಯನ್ನೂ ಹೇಳಬೇಕು. 2002ರಿಂದ ಐಡಾ ವೆಲ್ಸ್ ಬಡಾವಣೆಯನ್ನು ಕೆಡವಲು ಆರಂಭಿಸಿ 2011ರ ಹೊತ್ತಿಗೆ ಮುಗಿಸಿದರು. ಕೆಟ್ಟ ಕಟ್ಟಡ ಹೋಯಿತು, ಒಳ್ಳೆಯದೇ. ಅಲ್ಲಿದ್ದ ಜನ ಮಾತ್ರ ದಿಕ್ಕಾಪಾಲಾದರು. ಲಿಅಲನ್ 2010ರಲ್ಲಿ ಗ್ರೀನ್ ಪಕ್ಷದ ಅಭ್ಯರ್ಥಿಯಾಗಿ ಅಮೆರಿಕದ ಸೆನೆಟ್ಟಿಗೆ ಸ್ಪರ್ಧಿಸಿ ಶೇಕಡಾ 3ರಷ್ಟು ಮತ ಪಡೆದ. ಲಾಯ್ಡ್ 2022ರಲ್ಲಿ, ತನ್ನ 43ನೆಯ ವಯಸ್ಸಿನಲ್ಲಿ, ಹುಟ್ಟಿನಿಂದ ಬರುವ ರಕ್ತದ ಕಾಯಿಲೆಯಿಂದ ತೀರಿಕೊಂಡ. ಕಥೆ ಹೇಳಿದರೆ ಮನೆ ಕಟ್ಟಿಕೊಳ್ಳುವುದಿಲ್ಲ, ನಿಜ. ಆದರೆ ಆ ಕೇರಿಯ ವಿಷಯವಾಗಿ ಸರ್ಕಾರ ಇಟ್ಟ ಕಡತ ಒಂದು ಕಡೆ, ಆ ಎರಡು ಧ್ವನಿಗಳ ಸಾಕ್ಷ್ಯ ಇನ್ನೊಂದು ಕಡೆ ಇಂದಿಗೂ ಉಳಿದಿವೆ. ಕಡತವನ್ನು ಸುಳ್ಳು ಎನ್ನಲು ಬೇಕಾದ ಸಾಕ್ಷ್ಯ ಅದು. ಐಡಾ ವೆಲ್ಸ್ ಮಾಡಿದ್ದೂ ಅದನ್ನೇ ಅಲ್ಲವೆ?

ಇನ್ನೊಂದು ಉದಾಹರಣೆ ದಕ್ಷಿಣ ಆಫ್ರಿಕದ್ದು. ಕೇಪ್‌ಟೌನ್ ನಗರದ ಹೊರವಲಯದಲ್ಲಿ ಖಯಲಿಷಾ ಎಂಬ ಕಪ್ಪು ಜನರ ದೊಡ್ಡ ವಸತಿಯಿದೆ. ಅಲ್ಲಿದ್ದ ಥೆಂಬಿ ನ್ಗುಬಾನೆ ಎಂಬ ಹುಡುಗಿಗೆ ಎಚ್‌ಐವಿ ಸೋಂಕು ತಗಲಿತ್ತು. ಅವಳಿಗೆ 19 ವರ್ಷವಾಗಿದ್ದಾಗ, 2004ರಲ್ಲಿ, ಹದಿಹರೆಯದವರ ಬಾನುಲಿ ದಿನಚರಿಗಳನ್ನು ರೂಪಿಸುತ್ತಿದ್ದ ಜೋ ರಿಚ್‌ಮನ್ ಎಂಬಾತ ಅವಳಿಗೆ ಟೇಪ್ ರೆಕಾರ್ಡರ್ ಕೊಟ್ಟ. ಅವಳು ಸುಮಾರು ಒಂದು ವರ್ಷ ತನ್ನ ದಿನಚರಿಯನ್ನು ಮುದ್ರಿಸಿದಳು. ಕನ್ನಡಿಯ ಮುಂದೆ ನಿಂತು ತನ್ನ ಮೈಯೊಳಗಿನ ವೈರಾಣುವಿಗೇ ಎದುರುಮಾತು ಹೇಳಿದಳು. ರೋಗದ ಸಂಗತಿಯನ್ನು ತಂದೆಗೆ ತಿಳಿಸುವ ಕಠಿಣ ಗಳಿಗೆಯನ್ನೂ ಮುದ್ರಿಸಿದಳು.

ಆ ದಿನಗಳಲ್ಲಿ ಆ ದೇಶದ ಪರಿಸ್ಥಿತಿ ಏನಿತ್ತು? ಅಧ್ಯಕ್ಷ ಥಾಬೊ ಎಂಬೆಕಿ ಈ ರೋಗಕ್ಕೆ ವೈರಾಣುವೇ ಕಾರಣವೆಂಬುದನ್ನೇ ಸಂದೇಹಿಸುತ್ತಿದ್ದರು. ಔಷಧ ಕೊಡಲು ಸರ್ಕಾರ ಮೀನಮೇಷ ಎಣಿಸುತ್ತಿತ್ತು. ಗರ್ಭಿಣಿಯರಿಂದ ಮಗುವಿಗೆ ಸೋಂಕು ಹರಡದಂತೆ ತಡೆಯುವ ಔಷಧವನ್ನು ಕೊಡಲೇಬೇಕೆಂದು 2002ರಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯ ಆಜ್ಞೆ ಮಾಡಬೇಕಾಯಿತು. ರೋಗ ಬಂದವರು ನಾಚಿಕೆಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಅವರು ಬಾಯಿ ಮುಚ್ಚಿಕೊಂಡಷ್ಟೂ ಸರ್ಕಾರಕ್ಕೆ ಅನುಕೂಲವಾಗುತ್ತಿತ್ತು. ಇಂಥ ಹೊತ್ತಿನಲ್ಲಿ ಒಬ್ಬ ಹುಡುಗಿ ಹೆಸರು ಮುಚ್ಚಿಡದೆ, ಧ್ವನಿ ಬದಲಿಸದೆ, ನಗುತ್ತಾ ಹೆದರುತ್ತಾ ಮಾತನಾಡಿದಳು. 2006ರಲ್ಲಿ ಅವಳ ದಿನಚರಿ ಪ್ರಸಾರವಾಗಿ ದೇಶದೇಶಗಳಲ್ಲಿ ಕೇಳಿಸಿತು. ಅವಳು ತನ್ನ ದೇಶದ ಸಂಸತ್ತಿನ ಮುಂದೆಯೂ ನಿಂತು ಮಾತನಾಡಿದಳು. 2009ರಲ್ಲಿ, 24ನೆಯ ವಯಸ್ಸಿನಲ್ಲಿ, ಔಷಧಕ್ಕೆ ಬಗ್ಗದ ಕ್ಷಯರೋಗದಿಂದ ತೀರಿಕೊಂಡಳು. ಕ್ಷಯ ಯಾರ ರೋಗವೆಂಬುದನ್ನು ಇಲ್ಲಿ ಕುಳಿತಿರುವ ಬೀಡಿ ಕಾರ್ಮಿಕರ ಮಕ್ಕಳಿಗೆ ನಾನು ವಿವರಿಸಬೇಕಾಗಿಲ್ಲ.

ಈಗ ನಮ್ಮ ಕಡೆಗೆ ಬರೋಣ. ಆಕಾಶದ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು 1995ರ ಫೆಬ್ರವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟು ಹೇಳಿತು. ಸರ್ಕಾರದ ಸ್ವತ್ತಲ್ಲ, ವ್ಯಾಪಾರಿಯ ಸ್ವತ್ತೂ ಅಲ್ಲ, ಸಾರ್ವಜನಿಕರದು. ಕೆರೆ ಊರಿನದೆಂದು ಹೇಳುವಷ್ಟೇ ಸರಳವಾದ ಮಾತು ಇದು. ಆದರೆ ಕೆರೆಯ ವಿಷಯದಲ್ಲಿ ಆದದ್ದೇ ಇಲ್ಲೂ ಆಯಿತು. ತೀರ್ಪು ಬಂದ ಮೇಲೂ ಹಳ್ಳಿಯವರು ಬಾನುಲಿ ಕೇಂದ್ರ ನಡೆಸುವಂತಿರಲಿಲ್ಲ. 2002ರಲ್ಲಿ ವಿದ್ಯಾಸಂಸ್ಥೆಗಳಿಗೆ ಮಾತ್ರ ಬಾಗಿಲು ತೆರೆಯಿತು. ಜನರ ಸಂಸ್ಥೆಗಳಿಗೆ ಅನುಮತಿ ದೊರೆಯುವ ನೀತಿ ಬಂದದ್ದು 2006ರ ಕೊನೆಗೆ. ಆ ನೀತಿಯ ಬಲದಿಂದ 2008ರಲ್ಲಿ ನೆರೆಯ ತೆಲುಗು ನಾಡಿನ ಪಸ್ತಾಪುರದ ದಲಿತ ಹೆಂಗಸರು ಸಂಘಂ ರೇಡಿಯೊ ಎಂಬ ಹೆಸರಿನಲ್ಲಿ ತಮ್ಮ ಕೇಂದ್ರವನ್ನು ಆರಂಭಿಸಿದರು.

ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯ ಜನ ಅನುಮತಿಗಾಗಿ ಕಾದು ಕುಳಿತಿರಲಿಲ್ಲ. ಹೈದರಾಲಿ ಹುಟ್ಟಿದ ಊರೆಂದು ಹೆಸರಾದ ಆ ಗ್ರಾಮದಲ್ಲಿ 2001ರಿಂದ ‘ನಮ್ಮ ಧ್ವನಿ’ ಎಂಬ ಕೇಂದ್ರ ನಡೆಯಿತು. ಆಕಾಶದಲ್ಲಿ ಧ್ವನಿ ಬಿಡಲು ಅನುಮತಿ ಇಲ್ಲವೆ? ಸರಿ, ಟೆಲಿವಿಷನ್ ಕೇಬಲ್ಲಿನ ತಂತಿಯಲ್ಲಿ ಧ್ವನಿಯನ್ನು ಹರಿಸಿ ಮನೆಮನೆಗೆ ಮುಟ್ಟಿಸಿದರು. ಊರಿನಲ್ಲಿ ನೀರಿನ ತೊಂದರೆಯಾದಾಗ ಅಲ್ಲಿಯ ಯುವಕನೊಬ್ಬ ಹೆಂಗಸರ ದೂರುಗಳನ್ನು ಅವರವರ ಬಾಯಿಂದಲೇ ಮುದ್ರಿಸಿ ಕೇಳಿಸಿದ. ಕೆಲವೇ ದಿನಗಳಲ್ಲಿ ಕೊಳಾಯಿ ರಿಪೇರಿಯಾಯಿತು. ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರೆ. ಹತ್ತು ಬಡವರ ಕೋಪ ಒಂದೇ ತಂತಿಯಲ್ಲಿ ಊರಿಗೆಲ್ಲ ಕೇಳಿಸಿದರೆ ಅದು ಅಧಿಕಾರಿಯ ಕುರ್ಚಿಯನ್ನೂ ಅಲುಗಿಸುತ್ತದೆ.

2006ರ ನೀತಿಯಲ್ಲಿಯೂ ಒಂದು ಮುಳ್ಳಿದೆ. ಈ ಸಮುದಾಯ ಬಾನುಲಿ ಕೇಂದ್ರಗಳು ತಮ್ಮದೇ ಸುದ್ದಿಯನ್ನು, ರಾಜಕೀಯ ಸ್ವರೂಪದ ಕಾರ್ಯಕ್ರಮಗಳನ್ನು ಪ್ರಸಾರ ಮಾಡುವಂತಿಲ್ಲ. ಭಜನೆ ಹಾಡಬಹುದು, ಅಡುಗೆ ಹೇಳಬಹುದು, ಬೀಜೋಪಚಾರ ವಿವರಿಸಬಹುದು. ಪಂಚಾಯಿತಿಯ ಹಣ ಎಲ್ಲಿ ಹೋಯಿತೆಂದು ಕೇಳಿದರೆ ಅದು ಸುದ್ದಿಯೋ, ಶಿಕ್ಷಣವೋ, ರಾಜಕೀಯವೋ? ಗೆರೆ ಎಳೆಯುವವರು ಲೈಸೆನ್ಸು ಕೊಡುವವರೇ. ಉತ್ತರ ಹೇಳಲು ಅನುಮತಿ, ಪ್ರಶ್ನೆ ಕೇಳಲು ನಿಷೇಧ. ಹಳೆಯ ಕ್ರಮವೇ ಹೊಸ ಬಟ್ಟೆ ತೊಟ್ಟು ಬಂದಿದೆ. ಇದನ್ನು ತೆಗೆಸುವುದು ಈ ಶಿಬಿರದ ನಿರ್ಣಯಗಳಲ್ಲಿ ಒಂದಾಗತಕ್ಕದ್ದು ಎಂದು ನನ್ನ ಸಲಹೆ.

ನಿರ್ಣಯ ದೆಹಲಿ ಮುಟ್ಟುವ ತನಕ ಸುಮ್ಮನಿರಬೇಕಾಗಿಲ್ಲ. ಷಿಕಾಗೊದ ಹುಡುಗರಿಗೆ ಯಂತ್ರವನ್ನು ಹೊರಗಿನವನು ಕೊಡಬೇಕಾಯಿತು. ಇಂದು ನಿಮ್ಮಲ್ಲಿ ಬಹುಪಾಲು ಜನರ ಜೇಬಿನಲ್ಲಿ ಮೊಬೈಲ್ ಫೋನಿದೆ. ಮುದ್ರಿಸುವುದು, ಕತ್ತರಿಸುವುದು, ಹಂಚುವುದು, ನಾನು ಹೇಳಿದ ಮೂರು ಕೈಗಳೂ ಅದರೊಳಗಿವೆ. ಹಾಗಿದ್ದೂ ನಮ್ಮ ಹುಡುಗರು ಆ ಫೋನಿನಲ್ಲಿ ಇನ್ನೊಬ್ಬರ ಮಾತನ್ನು, ಇನ್ನೊಬ್ಬರ ಕುಣಿತವನ್ನು ನೋಡಿ ಮುಂದಕ್ಕೆ ದೂಡುತ್ತಾ ಕುಳಿತಿದ್ದಾರೆ. ಸಾಧನ ಬಂತು, ಧೈರ್ಯ ಬರಲಿಲ್ಲ. ಅದಕ್ಕೆ ಒಂದು ಕಾರಣ ಭಾಷೆ. ಮೈಕು ಕಂಡೊಡನೆ ನಮ್ಮ ಹಳ್ಳಿಯ ಹುಡುಗಿ ತನ್ನ ಮಾತನ್ನು ನುಂಗಿ ಪಠ್ಯಪುಸ್ತಕದ ಕನ್ನಡಕ್ಕೆ ತಿರುಗುತ್ತಾಳೆ. ತನ್ನ ಮಾತು ತಪ್ಪು, ಅದು ಬಾನುಲಿಗೆ ತಕ್ಕದ್ದಲ್ಲ ಎಂದು ಅವಳಿಗೆ ಯಾರು ಕಲಿಸಿದರು? ಲಿಅಲನ್ ಮತ್ತು ಲಾಯ್ಡ್ ತಮ್ಮ ಕೇರಿಯ ಇಂಗ್ಲಿಷನ್ನೇ ಆಡಿದರು, ಜಗತ್ತು ಕೇಳಿತು. ನೀವು ಮನೆಯಲ್ಲಿ ಆಡುವ ಮಾತನ್ನೇ ಆಡಿ. ಹೊಟ್ಟೆಯ ಸಂಕಟಕ್ಕೆ ಅದಕ್ಕಿಂತ ಶುದ್ಧವಾದ ಭಾಷೆ ಇಲ್ಲ.

ಕೆಲಸಕ್ಕೆ ಕೈ ಹಾಕುವವರಿಗೆ ನಾಲ್ಕು ಮಾತು.

ಮೊದಲನೆಯದು, ನಿಮಗೆ ಗೊತ್ತಿರುವುದರಿಂದ ಆರಂಭಿಸಿ. ದೇಶದ ನಿರುದ್ಯೋಗದ ಮೇಲೆ ಭಾಷಣ ಮುದ್ರಿಸಬೇಡಿ. ಹಾಸ್ಟೆಲಿನ ಅನ್ನದಲ್ಲಿ ಹುಳು ಏಕೆ ಬರುತ್ತದೆ, ಹೈಸ್ಕೂಲಿನಲ್ಲಿ ಹುಡುಗಿಯರ ಕಕ್ಕಸಿಗೆ ನೀರು ಏಕಿಲ್ಲ, ಸಂಜೆಯ ಬಸ್ಸು ತಪ್ಪಿದರೆ ಏಳನೆಯ ಮೈಲಿನ ಹುಡುಗಿ ಮನೆಗೆ ಹೇಗೆ ಹೋಗುತ್ತಾಳೆ, ಮದುವೆಗೆಂದು ಓದು ಬಿಡಿಸಿದ ಗೆಳತಿ ಈಗ ಏನು ಮಾಡುತ್ತಿದ್ದಾಳೆ, ಇವನ್ನು ಕೇಳಿ.

ಎರಡನೆಯದು, ನೊಂದವರ ಬಳಿ ಮಾತ್ರ ಮೈಕು ಹಿಡಿಯಬೇಡಿ. ನೊಂದವರ ಮಾತನ್ನಷ್ಟೇ ಮುದ್ರಿಸಿದರೆ ಅದು ಅಳು. ಉತ್ತರ ಹೇಳಬೇಕಾದವರ ಮುಂದೆಯೂ ಮೈಕು ಹಿಡಿದರೆ ಅದು ವಿಚಾರಣೆ. ವಾರ್ಡನ್ನು, ಡಿಪೋ ಮ್ಯಾನೇಜರು, ಪಂಚಾಯಿತಿ ಅಧ್ಯಕ್ಷರು, ಇವರ ಬಳಿ ವಿನಯದಿಂದ ಹೋಗಿ. ಅವರು ಮಾತನಾಡದಿದ್ದರೆ, ಕೇಳಿದೆವು, ಮಾತನಾಡಲಿಲ್ಲ ಎಂದು ಕಥೆಯಲ್ಲಿ ಹೇಳಿ. ಅದೂ ಒಂದು ಉತ್ತರವೇ.

ಮೂರನೆಯದು, ಒಪ್ಪಿಗೆಯಿಲ್ಲದೆ ಯಾರ ಮಾತನ್ನೂ ಮುದ್ರಿಸಬೇಡಿ, ಒಪ್ಪಿದವರೂ ಬೇಡವೆಂದರೆ ಅಳಿಸಿ. ಅತ್ಯಾಚಾರಕ್ಕೆ ಒಳಗಾದ ಮಗುವಿನ ಹೆಸರು, ಊರು, ಶಾಲೆ, ಗುರುತು ಯಾವುದನ್ನೂ ಹೊರಗೆಡಹುವಂತಿಲ್ಲ. 2012ರ ಪೋಕ್ಸೋ ಕಾಯಿದೆ ಅದನ್ನು ಅಪರಾಧವೆನ್ನುತ್ತದೆ. ಕಾಯಿದೆ ಇರಲಿ ಬಿಡಲಿ, ನೊಂದ ಗೆಳತಿಯ ನೋವನ್ನು ನೂರು ಗುಂಪುಗಳಿಗೆ ಹಂಚಿದವನು ಅವಳಿಗೆ ಎರಡನೆಯ ಅನ್ಯಾಯ ಮಾಡಿದ. ಇಂದಿನ ಫೋನಿನಲ್ಲಿ ಧ್ವನಿಯನ್ನು ಬಿಡುವುದು ಸುಲಭ, ಹಿಂದಕ್ಕೆ ಕರೆಯುವುದು ಅಸಾಧ್ಯ.

ನಾಲ್ಕನೆಯದು, ಕಥೆ ಸಿದ್ಧವಾದ ಮೇಲೆ ಅದನ್ನು ಮೊದಲು ಕೇಳಿಸಬೇಕಾದದ್ದು ಆ ಕಥೆಯಲ್ಲಿ ಮಾತನಾಡಿದವರಿಗೆ. ಬೆಂಗಳೂರಿನ ಬಹುಮಾನ ಸಮಿತಿಗೆ ಅಲ್ಲ. ಹಾಸ್ಟೆಲಿನ ಅಂಗಳದಲ್ಲಿ, ಬೀಡಿ ಕಟ್ಟುವ ಜಗಲಿಯಲ್ಲಿ, ಸಂತೆಯ ದಿನ ಮರದ ಕೆಳಗೆ ಕೇಳಿಸಿ. ಕೇಳಿದವರು ಹೌದು, ಇದು ನಮ್ಮ ಮಾತು ಎಂದರೆ ಮುಂದಕ್ಕೆ ಕಳಿಸಿ. ಇಲ್ಲ, ಹೀಗಲ್ಲ ಎಂದರೆ ಅವರೇ ಕತ್ತರಿ ಹಿಡಿಯಲಿ. ಷಿಕಾಗೊದಲ್ಲಿ ಅರ್ಧ ಉಳಿದ ಸ್ವಾತಂತ್ರ್ಯವನ್ನು ಪೂರ್ಣ ಮಾಡುವ ದಾರಿ ಇದು.

ಇದರಿಂದ ನಾಳೆಯೇ ಸಮಾಜ ಬದಲಾಗುತ್ತದೆಂದು ನಾನು ಹೇಳುವುದಿಲ್ಲ. ಧ್ವನಿ ಮುದ್ರಿಸಿದ ಮಾತ್ರಕ್ಕೆ ಕೂಲಿ ಹೆಚ್ಚುವುದಿಲ್ಲ. ಅದಕ್ಕೆ ಸಂಘಟನೆ ಬೇಕು, ಹೋರಾಟ ಬೇಕು. ಆದರೆ ಸಂಘಟನೆ ಎಲ್ಲಿಂದ ಆರಂಭವಾಗುತ್ತದೆ? ನನ್ನ ಕಷ್ಟ ನನ್ನ ಹಣೆಬರಹ ಎಂದುಕೊಂಡವನು, ಇನ್ನೊಬ್ಬನ ಬಾಯಲ್ಲಿ ಅದೇ ಕಷ್ಟವನ್ನು ಕೇಳಿ, ಇದು ಹಣೆಬರಹವಲ್ಲ, ಯಾರೋ ಬರೆದ ಬರಹ ಎಂದು ತಿಳಿಯುವ ಗಳಿಗೆಯಿಂದ. ಆ ಗಳಿಗೆಯನ್ನು ತರಲು ಒಬ್ಬ ಹದಿನಾಲ್ಕು ವರ್ಷದ ಹುಡುಗ ಸಾಕು ಎಂಬುದಕ್ಕೆ ಸಾಕ್ಷ್ಯವನ್ನು ನಿಮ್ಮ ಮುಂದಿಟ್ಟಿದ್ದೇನೆ.

ಊಟದ ಬಿಡುವಿನ ಅನಂತರ ನೀವು ಐದೈದು ಜನರ ಗುಂಪು ಮಾಡಿಕೊಂಡು ಒಂದೊಂದು ಪ್ರಶ್ನೆಯನ್ನು ಆರಿಸಿಕೊಳ್ಳಿ. ಶಿಬಿರ ಮುಗಿಯುವುದರೊಳಗೆ ಒಂದೊಂದು ಕಥೆ ತನ್ನಿ. ದೊಡ್ಡವರಾದ ನಾವು ಮುಂದಿನ ಸಾಲಿನಲ್ಲಿ ಕುಳಿತು ಕೇಳುತ್ತೇವೆ. ನಮ್ಮನ್ನೇ ಕುರಿತ ಪ್ರಶ್ನೆಯಿದ್ದರೆ ಅದನ್ನೂ ಕತ್ತರಿಸಬೇಡಿ.